ಕುಳ್ಳನ ಕೈ

ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳುವುದಿಲ್ಲ. ಊರಿನ ಅರ್ಧ ಗಾಡಿಗಳ ಸ್ಟಿಯರಿಂಗ್ ನೆಟ್ಟಗಾಗುವುದು ನನ್ನ ಗ್ಯಾರೇಜಿನಲ್ಲಿ. ನಾನು ‘ಓಡಿಸಬೇಡಿ’ ಅಂದರೆ ಎಂಥ ಜಂಬದ ಗಿರಾಕಿಯೂ ಕೀಲಿ ಕೊಟ್ಟು ನಡೆದುಕೊಂಡು ಹೋಗುತ್ತಾನೆ. ಸ್ವಂತ ಅಕ್ಕನ ಗಂಡನಿಗೆ ಮಾತ್ರ ನನ್ನ ಮಾತು ಗೋರ್ಕಲ್ಲ ಮೇಲೆ ಸುರಿದ ಮಳೆ.

ಭಾವ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವರು. ಅಕ್ಕನಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಕೆಲಸ. ದಿನಾ ಬೆಳಿಗ್ಗೆ ಭಾವ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಲಾರಿಗಳ ನಡುವೆ ಸೇತುವೆಯ ಇಳಿಜಾರು ಇಳಿದು, ಆಸ್ಪತ್ರೆಗೆ ಬಿಟ್ಟು ಅಂಗಡಿಗೆ ಹೋಗುತ್ತಿದ್ದರು. ಕಾರು ಬಹಳ ಹಳೆಯದು. ಅಕ್ಕ ಕೂರುವ ಕಡೆಯ ಮುಂದಿನ ಚಕ್ರದ ಬಾಲ್ ಜಾಯಿಂಟ್ ಸತ್ತೇ ಹೋಗಿತ್ತು. ಬಾಲ್ ಜಾಯಿಂಟ್ ಅಂದರೆ ಬಟ್ಟಲಲ್ಲಿ ಕೂತ ಒಂದು ಉಕ್ಕಿನ ಗುಂಡು, ಚಕ್ರವನ್ನು ಗಾಡಿಗೆ ಹಿಡಿದಿಟ್ಟಿರುವುದೇ ಅದು. ಮೇಲಿನ ರಬ್ಬರ್ ಟೋಪಿ ಹರಿದು, ಗ್ರೀಸು ಒಣಗಿ, ನೀರು ಹೊಕ್ಕು, ಗುಂಡು ಸವೆದು ಹೋಗಿತ್ತು. ಬಟ್ಟಲಿನಿಂದ ಜಾರಿತೋ, ಚಕ್ರ ಮಡಚಿಕೊಳ್ಳುತ್ತದೆ. ಆಮೇಲೆ ಸ್ಟಿಯರಿಂಗ್ ಯಾವ ಕಡೆ ತಿರುಗಿಸಿದರೂ ಒಂದೇ.

ಒಂದು ದಿನ ಗ್ಯಾರೇಜಿನಲ್ಲಿ ಕಾರಿಗೆ ಜಾಕಿ ಕೊಟ್ಟು, ಚಕ್ರದ ಮೇಲೊಂದು ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿ ತೋರಿಸಿದೆ. ಟಕ್ ಟಕ್ ಅಂದಿತು.

“ಕೇಳಿಸ್ತಾ ಭಾವ? ಮುದುಕನ ಹಲ್ಲು ಅಲ್ಲಾಡಿದ ಹಾಗೆ ಅಲ್ಲಾಡ್ತಿದೆ.”

“ಅಲ್ಲಾಡ್ಲಿ ಬಿಡೋ,” ಅಂದರು ಭಾವ. “ಅದು ಕುಳ್ಳ ಹಾಕಿದ್ದು.”

ಕುಳ್ಳ ಅವರ ಮಗ. ಆರಡಿ ಬೆಳೆದ ಮೇಲೂ ನಮಗೆಲ್ಲ ಅವನು ಕುಳ್ಳನೇ. ನನ್ನ ಕೈಕೆಳಗೇ ಕೆಲಸ ಕಲಿತ, ನನ್ನನ್ನೂ ಮೀರಿಸಿದ. ಹೋದ ವರ್ಷ ಜ್ವರ ಅಂತ ಮಲಗಿದವನು ಏಳಲೇ ಇಲ್ಲ. ಆ ಜಾಯಿಂಟು ಅಪ್ಪನ ಕಾರಿಗೆ ಅವನು ಮಾಡಿದ ಕೊನೆಯ ಕೆಲಸ.

“ಅವನು ಸರಿಯಾಗೇ ಹಾಕಿದ್ದ ಭಾವ. ಈಗ ಸವೆದಿದೆ. ಸವೆಯೋ ಸಾಮಾನು ಅದು.”

“ಒಂದು ಗಾಡಿಗೆ ಒಂದೇ ಕೈ. ಯಾರು ಹೇಳ್ತಿದ್ದ ಮಾತು ಇದು? ನೀನೇ ಅಲ್ವಾ?”

ನಾನೇ. ಒಬ್ಬರು ಬಿಗಿದ ನಟ್ಟಿನ ಮೇಲೆ ಇನ್ನೊಬ್ಬರ ಕೈ ಬಿದ್ದರೆ ಗಾಡಿ ಕೆಡುತ್ತದೆ ಅಂತ, ಗಿರಾಕಿ ಪಕ್ಕದ ಗ್ಯಾರೇಜಿಗೆ ಹೋಗದಿರಲಿ ಅಂತ, ನಮ್ಮ ಕಸುಬಿನವರೆಲ್ಲ ಬಿಡುವ ಬುರುಡೆ ಅದು. ಕುಳ್ಳನಿಗೆ ಅದು ಬುರುಡೆ ಅಂತ ಚೆನ್ನಾಗಿ ಗೊತ್ತಿತ್ತು. ಆದರೂ ಅಪ್ಪನ ಕಾರನ್ನು ನನಗೆ ಮುಟ್ಟಲು ಬಿಡದೆ, ಅದೇ ಮಾತು ಹೇಳಿ ನನ್ನನ್ನೇ ಚುಡಾಯಿಸುತ್ತಿದ್ದ. ಭಾವ ಅದನ್ನು ನಿಜ ಅಂತಲೇ ನಂಬಿ ಕೂತಿದ್ದರು.

“ಸ್ಟಿಯರಿಂಗ್ ಒಂದು ಕಡೆ ಎಳೆಯಲ್ವಾ ನಿಮಗೆ?”

“ಎಳೆಯುತ್ತೆ. ಕುಳ್ಳ ಚಿಕ್ಕವನಿದ್ದಾಗ ಆಟದ ಸಾಮಾನಿನ ಅಂಗಡಿ ಕಂಡ್ರೆ ಕೈ ಹಿಡ್ಕೊಂಡು ಎಳೀತಿದ್ದ ನೋಡು, ಹಾಗೇ ಎಳೆಯುತ್ತೆ.”

ನನಗೋ, ಕೋಪ ಮೂಗಿನ ತುದಿಯಲ್ಲೇ. “ಸಾಯೋದಾದ್ರೆ ನೀವೊಬ್ರೇ ಸಾಯಿರಿ, ನನ್ನಕ್ಕನ್ನ ಯಾಕೆ ಜೊತೆಗೆ ಕರ್ಕೊಂಡು ಹೋಗ್ತೀರಿ?” ಅಂದುಬಿಟ್ಟೆ. ಮಗನನ್ನು ಕಳೆದುಕೊಂಡವರಿಗೆ ಅನ್ನುವ ಮಾತಲ್ಲ ಅದು. ಭಾವ ತಾವೇ ಜಾಕಿ ಇಳಿಸಿ ಕಾರು ತೆಗೆದುಕೊಂಡು ಹೋದರು.

ಅಲ್ಲಿಂದ ಮಾತು ನಿಂತಿತು. ನನ್ನ ಗ್ಯಾರೇಜಿನ ಮುಂದೆಯೇ ಹೋದರೂ ಈ ಕಡೆ ತಿರುಗಿ ನೋಡುತ್ತಿರಲಿಲ್ಲ. ನಾನು ಮಾತ್ರ ಆ ಟಕ್ ಟಕ್ ಹತ್ತಿರ ಬಂದು, ದಾಟಿ, ಸೇತುವೆಯ ಕಡೆ ಹೋಗುವ ತನಕ ಸ್ಪ್ಯಾನರ್ ಹಿಡಿದುಕೊಂಡು ಕಂಬದ ಹಾಗೆ ನಿಂತಿರುತ್ತಿದ್ದೆ. ಆಮೇಲೆ ಅಕ್ಕ ‘ತಲುಪಿದೆ’ ಅಂತ ಫೋನ್ ಮಾಡುವವರೆಗೂ ಕೆಲಸ ಕೈಗೆ ಹತ್ತುತ್ತಿರಲಿಲ್ಲ.

ಒಂದು ರಜೆಯ ದಿನ, ಭಾವ ಕ್ಷೌರಕ್ಕೆ ಹೋದ ಹೊತ್ತು ನೋಡಿ, ಅಕ್ಕನೇ ಕಾರು ಓಡಿಸಿಕೊಂಡು ಬಂದಳು. ಇಳಿದವಳ ಮುಖದಲ್ಲಿ ರಕ್ತವೇ ಇರಲಿಲ್ಲ.

“ಬದಲಾಯಿಸಿಬಿಡೋ,” ಅಂದಳು. “ನಿನ್ನೆ ಸೇತುವೆ ಇಳಿಯೋವಾಗ ಗಾಡಿ ಒಂಥರಾ ನಡುಗ್ತು. ನಿಮ್ಮ ಭಾವ ನಕ್ಕರು ಕಣೋ. ‘ಇವತ್ತು ಹಠ ಮಾಡ್ತಿದಾನೆ’ ಅಂದ್ರು. ನಂಗೆ ಗಾಡಿಗಿಂತ ಆ ನಗೂನೇ ಭಯ ಆಯ್ತು.”

“ಮಹರಾಯ್ತಿ, ಇದನ್ನ ಓಡಿಸ್ಕೊಂಡು ಬಂದ್ಯಾ! ಒಂದು ಮಾತು ಹೇಳಿದ್ರೆ ನಾನೇ ಬರ್ತಿರ್ಲಿಲ್ವಾ?”

“ಬೈಬೇಡ, ಬೇಗ ಮಾಡು. ಅವರಿಗೆ ನಾನು ಹೇಳ್ಕೋತೀನಿ.”

ಚಕ್ರ ಬಿಚ್ಚಿದೆ. ಅಕ್ಕ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಟಾರ್ಚ್ ಹಿಡಿದಳು. ಜಾಯಿಂಟಿನ ನಟ್ಟು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಎಣ್ಣೆ ಬಿಟ್ಟು ಕಾದೆ. ಸ್ಪ್ಯಾನರಿಗೆ ಪೈಪು ತೂರಿಸಿ ಜಗ್ಗಿದೆ. ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

“ಬಡ್ಡಿಮಗ, ಹೆಂಗೆ ಬಿಗಿದಿದಾನೆ ನೋಡು!” ಅಂದೆ. ಬಾಯಿತಪ್ಪಿ ಬಂತು. ಅವನಿದ್ದಾಗ ಬೈದು ಬೈದು ನಾಲಿಗೆಗೆ ಅಂಟಿದ ಮಾತು.

“ಅವನ ತಾಯಿ ಇಲ್ಲೇ ಇದೀನಿ ಕಣೋ,” ಅಂದಳು ಅಕ್ಕ. ನಾನು ನಾಲಿಗೆ ಕಚ್ಚಿಕೊಂಡೆ. ಅವಳು ನಕ್ಕಳು. ನಾನೂ ನಕ್ಕೆ. ಕುಳ್ಳ ಹೋದ ಮೇಲೆ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅವತ್ತೇ.

ಗ್ರೈಂಡರ್ ಹಾಕದೆ ಬೇರೆ ದಾರಿ ಇರಲಿಲ್ಲ. ಕಿಡಿ ಹಾರಿತು. ಅಕ್ಕ ಟಾರ್ಚ್ ಬಿಡದೆ ಮುಖ ಮಾತ್ರ ಆಚೆ ತಿರುಗಿಸಿ, “ನಿಧಾನ ಕಣೋ, ನಿಧಾನ,” ಅನ್ನುತ್ತಲೇ ಇದ್ದಳು. ನಟ್ಟು ಎರಡು ಹೋಳಾಗಿ ಬಿತ್ತು. ಹೊರಬಂದ ಜಾಯಿಂಟನ್ನು ಹಿಡಿದು ಎಳೆದೆ ನೋಡಿ, ಗುಂಡು ಬಟ್ಟಲಿನಿಂದ ಪುಸಕ್ಕನೆ ಕೈಗೆ ಬಂತು.

“ನೋಡಕ್ಕ, ಬರೀ ಕೈಯಲ್ಲಿ ಎಳೆದ್ರೆ ಬರ್ತಿದೆ. ನಾಳೆ ಸೇತುವೆ ಇಳಿದಿದ್ರೆ ನೀನಿರ್ತಿರ್ಲಿಲ್ಲ.”

ಹೊಸದು ಹಾಕಿ, ಪಿನ್ನು ಮಡಚಿ, ಚಕ್ರ ಕೂರಿಸಿ, ಅಲೈನ್‌ಮೆಂಟ್ ಸರಿ ಮಾಡುವಷ್ಟರಲ್ಲಿ ಭಾವ ಹುಡುಕಿಕೊಂಡು ಬಂದೇಬಿಟ್ಟರು. ಕಾಲರಿನ ಮೇಲೆ ಕತ್ತರಿಸಿದ ಕೂದಲು ಹಾಗೇ ಇತ್ತು. ಗೋಣಿಯ ಮೇಲೆ ಬಿದ್ದಿದ್ದ ಹಳೆಯ ಸಾಮಾನನ್ನು ನೋಡಿದರು. ಕಿರುಚುತ್ತಾರೆ ಅಂದುಕೊಂಡು ಅಕ್ಕ ಅಡ್ಡ ನಿಂತಳು. ಭಾವ ಕಿರುಚಲಿಲ್ಲ.

“ನಾನೇ ತಂದಿದ್ದು, ಅವನಿಗೇನೂ ಅನ್ಬೇಡಿ,” ಅಂದಳು.

ಅವರು ಕಾರು ಹತ್ತಿ ಹೊರಟರು. ಬೀದಿ ಸುತ್ತಿ ತಿರುಗಿ ಬಂದರು. ಕಾರು ಹೋಗಿದ್ದೂ ಗೊತ್ತಾಗಲಿಲ್ಲ, ಬಂದಿದ್ದೂ ಗೊತ್ತಾಗಲಿಲ್ಲ, ಅಷ್ಟು ಮೆತ್ತಗೆ ಓಡುತ್ತಿತ್ತು. ಇಳಿದು ಬಂದು ಕೀಲಿಯನ್ನು ಅಕ್ಕನ ಕೈಗೆ ಕೊಟ್ಟರು.

“ಚೆನ್ನಾಗಿ ಮಾಡಿದೀಯ,” ಅಂದರು ನನಗೆ. ಅದರಲ್ಲಿ ಕೊಂಕಿರಲಿಲ್ಲ. “ಕೈ ಬಿಟ್ರೂ ನೆಟ್ಟಗೆ ಹೋಗುತ್ತೆ. ಇನ್ನು ಇದು ಬರೀ ಕಾರು. ಯಾರಿಗಾದ್ರೂ ಕೊಟ್ಬಿಡಿ.”

ಹಾಗಂದು ಮನೆಯ ಕಡೆ ನಡೆದರು. ಕರೆದೆ, ತಿರುಗಲಿಲ್ಲ. ಬೀದಿಯ ತಿರುವಿನಲ್ಲಿ ಗೋಡೆ ಹಿಡಿದುಕೊಂಡು ಒಂದು ಗಳಿಗೆ ನಿಂತು, ಮತ್ತೆ ನಡೆದರು.

ಅಕ್ಕ ಅವರು ಮರೆಯಾಗುವ ತನಕ ನೋಡಿದಳು. ಆಮೇಲೆ ಗೋಣಿಯ ಹತ್ತಿರ ಕೂತು, ಗ್ರೀಸು ಮೆತ್ತಿದ ಆ ಸಾಮಾನನ್ನೆಲ್ಲ ಮಡಿಲಿಗೆ ಎತ್ತಿಕೊಂಡಳು.

“ತಮ್ಮಾ, ಹಳೇದನ್ನೇ ಹಾಕ್ಬಿಡೋ.”

“ಹುಚ್ಚು ಹಿಡೀತಾ ಅಕ್ಕ ನಿಂಗೆ? ಸಾಯ್ತೀಯ!”

“ಗೊತ್ತು ಕಣೋ. ಹಾಕ್ಬಿಡು.”

ಬೈಯಲು ಬಾಯಿ ತೆರೆದೆ. ಅಳು ಬಂತು. “ಕತ್ತರಿಸಿಬಿಟ್ಟಿದೀನಲ್ಲಕ್ಕಾ,” ಅಂದೆ, “ಹೆಂಗೆ ಹಾಕ್ಲಿ?”

ಅವಳು ನಟ್ಟಿನ ಎರಡು ಹೋಳುಗಳನ್ನು ಹುಡುಕಿ ತೆಗೆದು, ಒಂದಕ್ಕೊಂದು ಒತ್ತಿ ಹಿಡಿದು, ಸೇರುತ್ತದೆ ನೋಡು ಅನ್ನುವ ಹಾಗೆ ನನ್ನ ಮುಂದೆ ಚಾಚಿದಳು.