‘ಮುಚ್ಚಲಾಗಿದೆ’ ಅಂದವರು ಯಾರು?

ಪತ್ರಿಕೋದ್ಯಮದ ಸ್ನಾತಕೋತ್ತರ ಶಾಲೆಯಲ್ಲಿ ಅವಳಿಗೆ ಬಿದ್ದ ಹೆಸರು ಪಿಸುಮಾತು. ಮನೆಯಲ್ಲಿ ಅಣ್ಣಂದಿರ ಅಬ್ಬರದ ನಡುವೆ ಬಾಯಿ ಹಾಕಲು ಸಂದು ಸಿಗದೆ ಬೆಳೆದವಳು. ಅವಳ ಮಾತಿಗೂ ಒಂದು ಕುರ್ಚಿ ಸಿಕ್ಕಿದ್ದು ಮೆಟ್ಟಿಲ ಕೆಳಗಿನ ವಿದ್ಯಾರ್ಥಿ ಸಂಘದ ಕೋಣೆಯಲ್ಲಿ. ಆ ಕುರ್ಚಿಗೂ ಒಂದು ಕಾಲು ಕುಂಟು. ಅಂಟಿನ ವಾಸನೆಯ ಆ ಕೋಣೆಯಿಂದ ವಿದ್ಯಾರ್ಥಿಗಳು ಗೋಡೆಪತ್ರಿಕೆ ತರುತ್ತಿದ್ದರು. ಅದರ ಸಂಪಾದಕಿ, ಹಿರಿಯ ತರಗತಿಯವಳು, ಎಲ್ಲರಿಗೂ ಅಕ್ಕ.

ಪಿಸುಮಾತಿನ ಮೊದಲ ಸುದ್ದಿಯೇ ಗುಡುಗಿತು: ‘ಸಂಘದ ಕೋಣೆಯನ್ನು ಮುಚ್ಚಲಾಗುವುದು ಎಂದು ತಿಳಿದುಬಂದಿದೆ.’

ಆ ವಾರವೇ ಬಾಗಿಲಿಗೆ ಬೀಗ ಬಿತ್ತು. ಬೀಗದ ಮೇಲೊಂದು ಚೀಟಿ: ‘ಮುಚ್ಚಲಾಗಿದೆ.’

“ಭಲೇ! ನಮಗಿಂತ ಮೊದ್ಲೇ ಮೂಸಿದ್ದೀಯಲ್ಲೇ!” ಎಂದು ಗೆಳೆಯರು ಬೆನ್ನು ತಟ್ಟಿದರು. ಅವಳಿಗೆ ಮಾತ್ರ ಅಳುವೇ ಬಂತು. ಸುದ್ದಿ ಗೆದ್ದಿತ್ತು, ಕುರ್ಚಿ ಹೋಗಿತ್ತು.

ಅಕ್ಕ ಚೀಟಿಯನ್ನೇ ದುರುಗುಟ್ಟಿ ನೋಡಿದಳು. “ಮುಚ್ಚಲಾಗಿದೆಯಂತೆ! ಬೀಗ ತಾನೇ ನಡ್ಕೊಂಡು ಬಂದು ನೇತಾಕ್ಕೊಂಡ್ತಾ? ಮುಚ್ಚಿದ ಕೈ ಯಾವುದು, ಕೇಳೋಣ ನಡೀರಿ.”

ಅಧಿಕಾರಕ್ಕೆ ಕೈಗಳಿರುತ್ತವೆ, ಅದರ ವಾಕ್ಯಗಳಿಗೆ ಮಾತ್ರ ಇರುವುದಿಲ್ಲ. ಕಚೇರಿಯ ಗುಮಾಸ್ತರು, “ಮೇಲಿಂದ ಬಂತು,” ಎಂದರು.

“ನಿಮ್ಮ ಮೇಲಿರೋದು ಫ್ಯಾನು ಸಾರ್,” ಎಂದಳು ಅಕ್ಕ.

ಗುಂಪು ನಿರ್ದೇಶಕರ ಕೋಣೆಗೆ ನುಗ್ಗಿತು. ಅವರು ಕನ್ನಡಕ ಒರೆಸಿಕೊಂಡರು. “ನಾನು ಹೇಳಿದ್ದೇ ಬೀಗ ಹಾಕೋಕೆ. ಅದಕ್ಕೇನೀಗ? ನಿಮ್ಮ ಗೋಡೆ ಮೇಲೇ ಬಂದಿತ್ತಲ್ಲಮ್ಮ! ಆಡಳಿತ ಮಂಡಳಿಯವರು ತೀರ್ಮಾನ ಮಾಡಿರ್ಬೇಕು, ನನಗೇ ತಡವಾಗಿ ಗೊತ್ತಾಯ್ತು ಅಂದ್ಕೊಂಡೆ.”

ಎಲ್ಲರ ಕಣ್ಣೂ ಪಿಸುಮಾತಿನ ಕಡೆ ಹೊರಳಿತು.

“ನಿನಗ್ಯಾರೇ ಹೇಳಿದ್ದು?” ಎಂದಳು ಅಕ್ಕ.

“ಮೇಲ್ಮಹಡಿ ತರಗತಿ ಮೇಷ್ಟ್ರು... ಮೆಟ್ಟಿಲ ಮೇಲೆ ಯಾರಿಗೋ ಹೇಳ್ತಿದ್ರು. ‘ಆ ಕೋಣೆ ಮುಚ್ಚಿಸ್ಬೇಕಪ್ಪಾ’ ಅಂತ.”

ಮೇಷ್ಟ್ರನ್ನು ಕರೆಸಿದರು. ಅವರು ಹಣೆ ಚಚ್ಚಿಕೊಂಡರು. “ಅಯ್ಯೋ ತಾಯಿ, ಬಾಗಿಲು! ನಿಮ್ಮ ಗಲಾಟೆಗೆ ಪಾಠ ಮಾಡೋಕಾಗ್ತಿಲ್ಲ, ಆ ಕೋಣೆ ಬಾಗಿಲು ಮುಚ್ಚಿಸ್ಬೇಕು ಅಂದೆ!”

ಅಕ್ಕ ಮೊದಲು ನಕ್ಕಳು. ಆಮೇಲೆ ಯಾರ ನಗುವನ್ನೂ ಹಿಡಿಯುವವರಿಲ್ಲ.

ನಿರ್ದೇಶಕರು ಮಾತ್ರ ಗಂಭೀರವಾಗಿ ಕೆಮ್ಮಿದರು. “ಆಯ್ತು. ಮೊದಲು ತಿದ್ದುಪಡಿ ಹಾಕಿ, ಆಮೇಲೆ ಬೀಗ ತೆಗೆಸ್ತೀನಿ.”

ಪಿಸುಮಾತು ಅಲ್ಲೇ ನಿಂತು ಬರೆದಳು: ‘ವಿಚಾರಿಸದೆ ನಾನು ಬರೆದೆ. ವಿಚಾರಿಸದೆ ನಿರ್ದೇಶಕರು ಬೀಗ ಹಾಕಿಸಿದರು.’

“ಎರಡನೆಯದನ್ನ ‘ಬೀಗ ಹಾಕಲಾಯಿತು’ ಅಂತ ಮಾಡಮ್ಮ. ಮರ್ಯಾದೆಯಾಗಿರುತ್ತೆ,” ಎಂದರು ನಿರ್ದೇಶಕರು.

ಹೂಂ ಅಂದರೆ ಕುರ್ಚಿ ವಾಪಸ್ಸು.

“ಇಲ್ಲ ಸಾರ್!”

ಆ ದನಿ ಅವಳದೇ ಎಂದು ನಂಬಲು ಅವಳಿಗೇ ಸ್ವಲ್ಪ ಹೊತ್ತು ಬೇಕಾಯಿತು. “ನನ್ನ ವಾಕ್ಯದಲ್ಲಿ ನಾನಿದ್ದೀನಿ. ನಿಮ್ಮ ವಾಕ್ಯದಲ್ಲಿ ನೀವಿರಿ. ಬೇಕಾದ್ರೆ ‘ಅವರೇ ತೆಗೆದರು’ ಅಂತ ಮೂರನೇದೂ ಬರೀತೀನಿ.”

ನಿರ್ದೇಶಕರು ಹಾಳೆ ನೋಡಿದರು, ಅವಳನ್ನು ನೋಡಿದರು, ಮೀಸೆಯಡಿ ನಗುತ್ತಾ ಮೇಜಿನ ಖಾನೆಯಿಂದ ಕೀಲಿ ತೆಗೆದರು. “ನಡಿ ಮಾರಾಯ್ತಿ, ಆ ಮೂರನೇದನ್ನ ದಪ್ಪ ಅಕ್ಷರದಲ್ಲಿ ಹಾಕು.”

ಈಗಲೂ ಮೇಲಿನಿಂದ ಮೇಷ್ಟ್ರು ಕೂಗುತ್ತಾರೆ: “ಬಾಗಿಲು ಮುಚ್ರೋ!”

“ಯಾರು ಮುಚ್ಬೇಕು ಸಾರ್?” ಎಂದು ಕೆಳಗಿನಿಂದ ಇಡೀ ಕೋಣೆ ಕೇಳುತ್ತದೆ. ಎಲ್ಲರಿಗಿಂತ ಜೋರು ದನಿ ಪಿಸುಮಾತಿನದು.