ಡಬ್ಬಿಯೊಳಗಿನ ಎತ್ತುಗಳು

ಬಕೇಟಿನ ನೀರು ಕೆಂಪಗಿತ್ತು. ಶಿವಶರಣ ಚಪ್ಪಲಿ ಬಿಡುವುದನ್ನೂ ಮರೆತು ಕಲಬುರಗಿಯ ಗಾಜಿಪುರದ ಮನೆಯ ಹಿತ್ತಲಲ್ಲಿ ನಿಂತುಬಿಟ್ಟ. ಪಕ್ಕದಲ್ಲಿ ಬಿಸ್ಕೀಟಿನ ಹಳೆಯ ತಗಡಿನ ಡಬ್ಬಿ ಬಾಯಿ ತೆರೆದುಕೊಂಡು ಬಿದ್ದಿತ್ತು. ಒಳಗೆ ಒಂದು ಕೋಡೂ ಉಳಿದಿರಲಿಲ್ಲ.

ಆ ಡಬ್ಬಿಗಾಗಿ ಅವನು ಪಟ್ಟ ಪಾಡು ಅಷ್ಟಿಷ್ಟಲ್ಲ. ಕಮಲಾಪುರದ ಮನೆಯ ಅಟ್ಟ ಹತ್ತಿ, ಮೈಯೆಲ್ಲ ಧೂಳು ಮಾಡಿಕೊಂಡು ಇಳಿಸಿ, ಬಸ್ಸಿನಲ್ಲಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಕಲಬುರಗಿಗೆ ತಂದಿದ್ದ. ಅದರಲ್ಲಿದ್ದದ್ದು ಅವನ ಬಾಲ್ಯದ ಮಣ್ಣಿನ ಎತ್ತುಗಳು. ಮಣ್ಣೆತ್ತಿನ ಅಮಾವಾಸ್ಯೆಗೆ ಪೂಜೆಯಾದ ಎತ್ತುಗಳನ್ನು ನೀರಿಗೆ ಬಿಡಲೇಬೇಕು. ಚಿಕ್ಕ ಶಿವಶರಣ ಒಂದು ವರ್ಷ ಬಾವಿಕಟ್ಟೆಯ ಮೇಲೆ ಹೊರಳಾಡಿ ಅತ್ತದ್ದಕ್ಕೆ, ಅಪ್ಪ ಮಲ್ಲಣ್ಣ ಆಮೇಲೆ ಆಟಕ್ಕೆಂದೇ ಇನ್ನೊಂದು ಜೋಡಿ ಕೊಡತೊಡಗಿದ. ಪೂಜೆ ಕಾಣದ ಆ ಜೋಡಿಗಳು ವರ್ಷ ವರ್ಷ ಡಬ್ಬಿ ಸೇರಿದವು. ಈಗ ಅಪ್ಪನಿಲ್ಲ. ಅಪ್ಪನ ಕೈಕೆಲಸ ಎಂದು ಉಳಿದದ್ದು ಅವೇ.

ಇಂಥ ಡಬ್ಬಿಯನ್ನು ಮಗಳು ಸೃಷ್ಟಿಗೆ ಕೊಡಲು ಈ ಜಾಣ ಆರಿಸಿಕೊಂಡ ದಿನ ಯಾವುದು? ಮಣ್ಣೆತ್ತಿನ ಅಮಾವಾಸ್ಯೆಯ ಮುಂಜಾನೆ! ಎತ್ತಿನ ಡುಬ್ಬದ ಮೇಲೆ ಓರೆಯಾಗಿ ಒತ್ತಿದ್ದ ಹೆಬ್ಬೆರಳಿನ ಗುರುತು ತೋರಿಸಿ, "ನೋಡವ್ವ, ಇದು ಮುತ್ಯಾನ ಬೆರಳು, ನಮ್ಮಪ್ಪಂದು" ಎಂದು ಹೇಳಿ ಡ್ಯೂಟಿಗೆ ಹೋಗಿಬಿಟ್ಟಿದ್ದ. ಚಹಾ ತಂದಿಟ್ಟ ತಾಯಿ ಶಂಕ್ರಮ್ಮ ಅದನ್ನು ಕೇಳಿಸಿಕೊಂಡೇ ಒಳಗೆ ಹೋಗಿದ್ದಳು.

"ಯವ್ವಾ, ಏನಿದು?" ಎಂದು ಕೂಗಿದ.

ಶಂಕ್ರಮ್ಮ ಸೆರಗಿಗೆ ಕೈ ಒರೆಸುತ್ತ ಬಂದಳು. "ಕೂಸು ಎಲ್ಲಾ ಎತ್ತಿಗೂ ಕುಂಕುಮ ಹಚ್ಚಿ ಆರತಿ ಮಾಡಿತಪಾ. ಪೂಜಿ ಆದಮ್ಯಾಲ ಮನ್ಯಾಗ ಇಟ್ಕೋಬಾರ್ದು. ನಾನೇ ನೀರಿಗಿ ಬಿಟ್ಟೀನಿ."

"ಅಪ್ಪ ಮಾಡಿದ್ದು ಅಂತ ಗೊತ್ತಿದ್ದೂ ಬಿಟ್ಟಿಯೇನು? ಮನಸ್ಸರ ಹ್ಯಾಂಗ ಬಂತು ನಿನಗ?"

ಸೃಷ್ಟಿ ಹೆದರಿ ಬಾಗಿಲ ಹಿಂದೆ ಸರಿದಳು. ಶಂಕ್ರಮ್ಮ ಮಗನ ಮುಖವನ್ನೇ ನೋಡಿದಳು.

"ನಿಮ್ಮಪ್ಪ ಹೊಲದಿಂದ ಮಣ್ಣು ತರ್ತಿದ್ದ. ಮಾಡ್ತಿದ್ದಾಕಿ ನಾನು."

"ಏನಂದಿ?"

"ನೀ ಸಾಲಿಗಿ ಹೋದಾಗ ಮಾಡಿ ಒಣಗಿಸಿ ಇಡ್ತಿದ್ನಿ. ಹಬ್ಬದ ದಿನ ಅಂವ ನಿನ್ನ ಕೈಯಾಗ ಕೊಡ್ತಿದ್ದ. ಅಪ್ಪ ಮಾಡ್ಯಾನ, ಅಪ್ಪ ಮಾಡ್ಯಾನ ಅಂತ ಓಣಿ ತುಂಬ ಕುಣಿತಿದ್ದಿ. ನಾ ಯಾಕ ಅಲ್ಲ ಅನ್ಲಿ?"

"ಅಪ್ಪ ಹೋದಮ್ಯಾಲರ ಹೇಳಬೇಕಿಲ್ಲೇನು?"

"ಅಪ್ಪನ ಕೈಯಾಗಿಂದು ಇಷ್ಟೇ ಉಳಿದದ ಅಂತ ಅಳ್ತಿದ್ದಿ. ಅದನ್ನೂ ಕಸ್ಗೊಳ್ಲೇನು?"

ಶಿವಶರಣ ಖಾಲಿ ಡಬ್ಬಿಯತ್ತ ನೋಡಿದ. ಇಷ್ಟು ವರ್ಷ ಒಂದೇ ಮನೆಯಲ್ಲಿ ಉಂಡು, ಒಂದೇ ಒಂದು ಸಲವೂ ಕೇಳಿರಲಿಲ್ಲ ಮಹಾರಾಯ. ತನ್ನ ಮೇಲೇ ಅವನಿಗೆ ಅಸಹ್ಯವಾಯಿತು.

"ಆಯಿ, ನಂಗೊಂದು ಮಾಡಿಕೊಡು," ಎಂದು ಅಜ್ಜಿಯನ್ನು ಕೇಳಿದಳು ಸೃಷ್ಟಿ, ಬಾಗಿಲ ಹಿಂದಿನಿಂದಲೇ.

"ನೀರಿಗಿ ಬಿಟ್ಟಮ್ಯಾಲ ಅದು ಬರೀ ಮಣ್ಣು, ಬಾ," ಎನ್ನುತ್ತ ಶಂಕ್ರಮ್ಮ ಕುಕ್ಕರಗಾಲಲ್ಲಿ ಕುಳಿತು ಬಕೇಟಿನ ತಳಕ್ಕೆ ಕೈ ಹಾಕಿದಳು. ಕಮಲಾಪುರದ ಕೆಂಪು ಮಣ್ಣು ಮುದ್ದೆಯಾಗಿ ಮೇಲೆ ಬಂತು. ನಾಲ್ಕು ಕಾಲು, ಎರಡು ಕೋಡು. ಕೊನೆಗೆ ಡುಬ್ಬದ ಮೇಲೆ ಹೆಬ್ಬೆರಳನ್ನು ಓರೆಯಾಗಿ ಒತ್ತಿದಳು.

ಸೃಷ್ಟಿ ಅದನ್ನೆತ್ತಿಕೊಂಡು ಕುಣಿದಾಡಿದಳು. "ಅಪ್ಪಾ, ಇದರಾಗೂ ಮುತ್ಯಾನ ಬೆರಳದ!"

ಶಿವಶರಣ ತಾಯಿಯ ಕೆಸರುಗೈಯನ್ನು ನೋಡಿದ.

"ಅಲ್ಲವ್ವ," ಎಂದ. "ಅದು ಆಯಿ ಬೆರಳು."