ಪಿನ್ನು ಕೂತಿತ್ತು

ಅತ್ತೆಗೆ ಆ ವಿಡಿಯೋ ಗೇಮ್ ಎಂದರೆ ಪಂಚಪ್ರಾಣ. ಶ್ವಾಸಕೋಶ ಕೈಕೊಟ್ಟು ಹಾಸಿಗೆ ಹಿಡಿದ ಮೇಲೆ, ಮೂಗಿಗೆ ಆಕ್ಸಿಜನ್ ಕೊಳವೆ ಸಿಕ್ಕಿಸಿಕೊಂಡು, ಅಂಗೈಯಗಲದ ಪರದೆಯಲ್ಲಿ ಉದುರುವ ಇಟ್ಟಿಗೆಗಳನ್ನು ಜೋಡಿಸುವುದೇ ಅವರ ಕಾಲಕ್ಷೇಪ. ಅವತ್ತು ಬೆಳಿಗ್ಗೆ ಅದರ ಚಾರ್ಜರ್ ಕೆಟ್ಟು ಕೂತಿತು.

"ಇನ್ನು ಗೋಡೆ ನೋಡ್ಕೊಂಡು ಬಿದ್ದಿರ್ಲಾ?" ಎಂದು ಅತ್ತೆ ರಾಗ ಎಳೆದರು.

ಸೊಸೆ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಸಂಜೆಯೊಳಗೆ ಒಂದು ಉಣ್ಣೆ ಕೋಟು ಮುಗಿಸಬೇಕಿತ್ತು. ಡ್ರಾಯರ್ ಕೆದಕಿದಾಗ ಹಳೆಯ ಇಂಟರ್ನೆಟ್ ಡಬ್ಬಿಯ ಅಡಾಪ್ಟರ್ ಸಿಕ್ಕಿತು. ತಂದು ಚುಚ್ಚಿದಳು. ಪಿನ್ನು ಸಲೀಸಾಗಿ ಕೂತಿತು. ಕೆಂಪು ದೀಪವೂ ಹತ್ತಿತು.

"ಇದು ಇದರದ್ದೇನಾ?"

"ಪಿನ್ನು ಕೂತಿದೆಯಲ್ಲ ಅತ್ತೆ, ಇನ್ನೇನು ಬೇಕು? ಆಡ್ಕೊಳ್ಳಿ."

ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತವಳ ಮೂಗಿಗೆ ಸ್ವಲ್ಪ ಹೊತ್ತಿಗೆ ಏನೋ ಸಿಹಿ ವಾಸನೆ ಬಡಿಯಿತು. ಉಗುರುಬಣ್ಣದ ಹಾಗೆ.

"ಅತ್ತೆ, ನಿಮಗೇನಾದ್ರೂ ವಾಸನೆ ಬರ್ತಿದೆಯಾ?"

"ಮೂಗಿಗೆ ಕೊಳವೆ ತುರುಕಿ ವಾಸನೆ ಕೇಳ್ತೀಯಲ್ಲ, ಚೆನ್ನಾಗಿದೆ! ಆದ್ರೆ ನೋಡು, ಇದು ಬಸುರಿ ಥರ ಊದ್ಕೊಂಡಿದೆ ಕಣೆ."

ಸೊಸೆ ಹೊಲಿಗೆ ಬಿಟ್ಟೆದ್ದಳು. ಕೋಟು ಕೈಯಲ್ಲಿದ್ದಂತೆಯೇ ಓಡಿದಳು. ಆಟದ ಯಂತ್ರದ ಬೆನ್ನು ಬಿರಿದು, ಒಳಗಿನ ಬ್ಯಾಟರಿ ಬೆಳ್ಳಗೆ ಉಬ್ಬಿ ಹೊರಗೆ ಇಣುಕುತ್ತಿತ್ತು. ಅತ್ತೆ ಅದನ್ನು ಎದೆಯ ಮೇಲಿಟ್ಟುಕೊಂಡಿದ್ದರು, ಕೊಳವೆಗೆ ಒಂದು ಗೇಣು ದೂರದಲ್ಲಿ. ಈ ಹಾಸಿಗೆಯ ಹತ್ತಿರ ಬೆಂಕಿಕಡ್ಡಿ ಕೂಡ ಗೀರಬಾರದು, ಹೊದಿಕೆಯೊಳಗೂ ಆಕ್ಸಿಜನ್ ಸೇರಿರುತ್ತೆ ಎಂದು ನರ್ಸ್ ಸಾರಿ ಸಾರಿ ಹೇಳಿದ್ದಳು.

"ಅಲ್ಲಾಡಬೇಡಿ ಅತ್ತೆ."

ಆಕ್ಸಿಜನ್ ಯಂತ್ರ ಆರಿಸಿದಳು. ಅಡಾಪ್ಟರಿನ ವೈರು ಕಿತ್ತಳು. ಆಟದ ಯಂತ್ರವನ್ನು ಕೋಟಿನಲ್ಲಿ ಸುತ್ತಿ ಎತ್ತುವಷ್ಟರಲ್ಲಿ ಅದು ಬುಸುಗುಡತೊಡಗಿತ್ತು. ಬಚ್ಚಲಿನ ಹೊಸ್ತಿಲು ಮುಟ್ಟಿದ್ದೇ ತಡ, ಭಗ್ಗೆಂದು ಉರಿ ಎದ್ದು ಅವಳ ಬಲಗೈಯನ್ನು ನೆಕ್ಕಿತು. ಒಳಗೆಸೆದು ಬಾಗಿಲು ಎಳೆದುಕೊಂಡಳು.

ತಿರುಗಿ ಬಂದಾಗ ಅತ್ತೆಯ ತುಟಿ ನೀಲಿಗಟ್ಟಿತ್ತು. ಚರ್ಮ ಸುಲಿದ ಬೆರಳಿನಿಂದಲೇ ಆಕ್ಸಿಜನ್ ಯಂತ್ರದ ಸ್ವಿಚ್ಚು ಒತ್ತಿದಳು. ಅತ್ತೆಯ ಕಣ್ಣು ಅವಳ ಮುಖದಿಂದ ಕದಲಲಿಲ್ಲ.

ಸಂಜೆ ಗಂಡ ಬಂದ. ಬಚ್ಚಲಲ್ಲಿ ಕರಕಲಾದ ಮುದ್ದೆಯನ್ನು ನೋಡಿ, "ಅಷ್ಟು ಹೆಚ್ಚು ವೋಲ್ಟೇಜಿನ ಚಾರ್ಜರ್ ಇದಕ್ಕೆ ಯಾರು ಹಾಕಿದ್ದು?" ಎಂದ.

ಅವಳು ಬಾಯಿ ತೆರೆಯುವ ಮೊದಲೇ ಅತ್ತೆ ಅಂದರು: "ನಾನೇ ಹಠ ಮಾಡಿ ಹಾಕಿಸಿದ್ದು ಕಣೋ. ಇವಳು ಬೇಡ ಬೇಡ ಅಂದ್ಲು, ನಾನು ಕೇಳಲಿಲ್ಲ."

ಅವನು ನಿಟ್ಟುಸಿರು ಬಿಟ್ಟು, ಹೆಂಡತಿಯ ಕೈಗೆ ಹಚ್ಚಲು ಮುಲಾಮು ತರಲು ಹೊರಟ. ಸೊಸೆಗೆ ಅಳು ಒತ್ತರಿಸಿ ಬಂತು. ಅತ್ತೆಯ ಕಾಲ ಬಳಿ ಕುಸಿದು ಕೂತಳು.

ಹೊರಬಾಗಿಲು ಮುಚ್ಚಿದ ಸದ್ದಾಗುವವರೆಗೂ ಅತ್ತೆ ಕಾದರು.

"ಅಳಬೇಡ," ಎಂದರು ಮೆಲ್ಲಗೆ. "ನೀನು ನನ್ನ ಕೊಲ್ಲೋದಕ್ಕೆ ನೋಡಿದೆ ಅಂತ ನಾನು ಯಾರಿಗೂ ಹೇಳಲ್ಲ. ನೀನು ನನ್ನ ಮಾತು ಕೇಳ್ಕೊಂಡು ಇರೋವರೆಗೂ ಹೇಳಲ್ಲ."